ಲೋಕಯ್ಯ ಬೆಸೆದ ಕೊಕ್ಕೆ

ಬಂದ್ಯೋಡಿನ ಹೆದ್ದಾರಿ ಬದಿಯಲ್ಲಿ ಲೋಕಯ್ಯನದೊಂದು ವೆಲ್ಡಿಂಗ್ ಶೆಡ್ಡು. ಏಳನೆಯ ತರಗತಿಗೆ ಶಾಲೆ ಬಿಟ್ಟವನು, ಉಪ್ಪಳದಲ್ಲಿ ಕೆಲಸ ಕಲಿತು, ಹನ್ನೊಂದು ವರ್ಷ ಶಾರ್ಜಾದ ಹಡಗುಕಟ್ಟೆಯಲ್ಲಿ ಬೆಂಕಿಯ ಮುಂದೆ ಕೂತು, ಊರಿಗೆ ಬಂದು ಶೆಡ್ಡು ಹಾಕಿದ್ದ. ಈಗ ವಯಸ್ಸು ಐವತ್ತು ದಾಟಿದೆ. ಗೇಟು, ಕಿಟಕಿ ಸರಳು, ನೀರಿನ ಟ್ಯಾಂಕಿಗೆ ಕಾಲು, ಯಾವುದಕ್ಕೂ ಇದುವರೆಗೆ ದೂರು ಬಂದಿರಲಿಲ್ಲ. ಕೈಗೆ ಎತ್ತಿಕೊಂಡದ್ದು ಬೇಗ ಮುಗಿಯಬೇಕು, ಕಾಯುವುದೆಂದರೆ ಆಗದು, ಅದು ಅವನ ಜಾಯಮಾನ.

ಕುಂಭ ತಿಂಗಳ ಒಂದು ಬುಧವಾರ ಪುತ್ತಿಗೆ ಕಡೆಯ ಹೈಸ್ಕೂಲಿನ ವಿಜ್ಞಾನದ ಟೀಚರ್ ಸೌದಾಮಿನಿ ಅವನನ್ನು ತರಗತಿಗೆ ಕರೆಸಿದರು. "ನಮ್ಮ ಸ್ಪಿರಿಟ್ ದೀಪದಲ್ಲಿ ದಪ್ಪ ಸೂಜಿ ಸರಿ ಕೆಂಪಾಗುವುದಿಲ್ಲ ಲೋಕಯ್ಯಣ್ಣ. ನಿಮ್ಮ ಗ್ಯಾಸ್ ಟಾರ್ಚ್ ಹಿಡ್ಕೊಂಡು ಅರ್ಧ ಗಂಟೆ ಬನ್ನಿ."

ಗೋಣಿ ಹೊಲಿಯುವ ಎರಡು ಸೂಜಿಗಳನ್ನು ಲೋಕಯ್ಯ ಕೆಂಡದ ಹಾಗೆ ಕಾಯಿಸಿಕೊಟ್ಟ. ಟೀಚರ್ ಒಂದನ್ನು ಬೂದಿಯಲ್ಲಿ ಹುಗಿದರು, ಇನ್ನೊಂದನ್ನು ನೀರಿನ ಲೋಟಕ್ಕೆ ಹಾಕಿದರು. ಚುಂಯ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಇಕ್ಕಳದಲ್ಲಿ ಹಿಡಿದು ನೋಡಿದರೆ ಬೂದಿಯದ್ದು ತಂತಿಯ ಹಾಗೆ ಬಾಗಿತು. ನೀರಿನದ್ದು ಬಾಗಲೇ ಇಲ್ಲ, ಟಕ್ಕನೆ ಎರಡಾಯಿತು.

"ಒಂದೇ ಉಕ್ಕು, ಒಂದೇ ಬೆಂಕಿ. ತಣಿದ ರೀತಿ ಮಾತ್ರ ಬೇರೆ, ಬೂದಿಯಲ್ಲಿ ಮೆಲ್ಲ, ನೀರಿನಲ್ಲಿ ಒಮ್ಮೆಲೇ. ನೀರಿಗೆ ಬಿದ್ದದ್ದು ಹೆಚ್ಚು ಗಟ್ಟಿ, ಗೀರಿದರೆ ಗೀರು ಬೀಳದು. ಆದರೆ ಅದಕ್ಕೆ ಬಗ್ಗಲಿಕ್ಕೆ ಬರುವುದಿಲ್ಲ, ಪೆಟ್ಟು ಬಿದ್ದರೆ ಒಡೆದೇ ಹೋಗ್ತದೆ. ಇದಕ್ಕೆ ಭಿದುರತೆ ಅಂತ ಹೆಸರು," ಎಂದರು ಟೀಚರ್.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಎಲ್ಲ ಕಬ್ಬಿಣವೂ ಹೀಗೆಯಾ ಟೀಚರ್?"

"ಇಲ್ಲ. ಕಿಟಕಿ ಸರಳಿನಲ್ಲಿ ಇಂಗಾಲ ಕಮ್ಮಿ, ಅದನ್ನು ನೀರಿಗೆ ಹಾಕಿದರೂ ಅಷ್ಟೇನೂ ವ್ಯತ್ಯಾಸ ಆಗುವುದಿಲ್ಲ. ಇಂಗಾಲ ಜಾಸ್ತಿ ಇರುವುದು ಸೂಜಿಯಲ್ಲಿ, ಗರಗಸದಲ್ಲಿ, ಲಾರಿಯ ಸ್ಪ್ರಿಂಗಿನಲ್ಲಿ."

ಲಾರಿಯ ಸ್ಪ್ರಿಂಗು ಎಂದದ್ದೇ ಲೋಕಯ್ಯ ಟಾರ್ಚನ್ನು ಮೇಜಿನ ಮೇಲಿಟ್ಟ.

ಸೋಮವಾರ ಬಾವಿ ಕೆಲಸದ ಬಟ್ಯ ಬಂದಿದ್ದ. ರಾಟೆ ನೇತುಹಾಕುವ ಕೊಕ್ಕೆ ಸವೆದಿತ್ತು, ಹೊಸದು ಬೇಕಿತ್ತು. ಮೂಲೆಯಲ್ಲಿದ್ದ ಹಳೆಯ ಲಾರಿ ಸ್ಪ್ರಿಂಗಿನ ತುಂಡೊಂದನ್ನು ಎತ್ತಿ ಲೋಕಯ್ಯನೇ ಹೇಳಿದ್ದ: "ಲಾರಿಯ ಭಾರ ಹೊತ್ತದ್ದು ಮಾರಾಯ, ನಿನ್ನ ಮಣ್ಣಿನ ಬುಟ್ಟಿ ಹೊರುವುದಿಲ್ಲವಾ?" ಕಾಯಿಸಿ ಬಗ್ಗಿಸಿ, ಕೊಕ್ಕೆಯ ತಲೆಗೆ ಕಬ್ಬಿಣದ ಬಳೆ ಬೆಸೆದ. ಹೊರಗೆ ಬಟ್ಯನನ್ನು ಕರೆದೊಯ್ಯಬೇಕಿದ್ದ ಜೀಪಿನವನು ಹಾರ್ನ್ ಹಾಕುತ್ತಿದ್ದ. ಕೆಂಪಾಗಿದ್ದ ಬೆಸುಗೆಯ ಮೇಲೆ ಲೋಕಯ್ಯ ಒಂದು ಬಾಲ್ದಿ ನೀರು ಸುರಿದು ಕೊಟ್ಟುಬಿಟ್ಟಿದ್ದ.

ಶಾರ್ಜಾದಲ್ಲಿ ಕೆಲವು ಉಕ್ಕಿನ ಬೆಸುಗೆ ಮುಗಿದ ಕೂಡಲೇ ಫೋರ್‌ಮನ್ ದಪ್ಪ ಕಂಬಳಿ ಹೊದೆಸುತ್ತಿದ್ದ. ಯಾರ ಕೈಯೂ ಸುಡದಿರಲಿ ಎಂದಿರಬೇಕು ಎಂದುಕೊಂಡಿದ್ದ ಲೋಕಯ್ಯ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಯಾಕೆ ಎಂದು ಕೇಳಿರಲಿಲ್ಲ.

ಟಾರ್ಚನ್ನು ಮೇಜಿನ ಮೇಲೆಯೇ ಬಿಟ್ಟು ಅವನು ಹೊರಗೋಡಿದ. ಬಟ್ಯನ ಫೋನು ಬಡಿದುಕೊಂಡಿತೇ ಹೊರತು ಎತ್ತುವವರಿಲ್ಲ. ಬಟ್ಯನ ಹೆಂಡತಿ ಕಮಲಳಿಗೆ ಮಾಡಿದ.

"ಅವರು ತಿರುಮಲೇಶ್ವರ ಭಟ್ರಲ್ಲಿಗೆ ಹೋಗಿದ್ದಾರೆ, ಬಾವಿ ಆಳ ಮಾಡಲಿಕ್ಕೆ. ಎಂತ ಆಯ್ತು ಅಣ್ಣ?"

"ಎಂತ ಇಲ್ಲ," ಎಂದ. ಸ್ಕೂಟರ್ ಕಿಕ್ ಹೊಡೆದರೆ ಮೂರು ಸಲ ಹಿಡಿಯಲಿಲ್ಲ. ನಾಲ್ಕು ಕಿಲೋಮೀಟರು ದಾರಿ. ಪ್ರತಿ ಹೊಂಡಕ್ಕೆ ಸ್ಕೂಟರು ಹಾರಿದಾಗಲೂ ಕೊಕ್ಕೆಗೇ ಜರ್ಕ್ ಬಿದ್ದಂತೆ ಅವನಿಗೆ ಅನಿಸುತ್ತಿತ್ತು.

ಭಟ್ಟರ ಬಾವಿಕಟ್ಟೆಯ ಹತ್ತಿರ ಇಬ್ಬರು ಹಗ್ಗ ಎಳೆಯುತ್ತಿದ್ದರು. ಮಣ್ಣು ತುಂಬಿದ ಬುಟ್ಟಿ ಅರ್ಧಕ್ಕೆ ಬಂದಿದೆ. ನಲವತ್ತು ಅಡಿ ಕೆಳಗೆ, ಅದರ ನೇರಕ್ಕೆ, ಬಟ್ಯ.

"ನಿಲ್ಲಿ!" ಎಂದು ಕೂಗಲು ಬಾಯಿ ತೆರೆದವನು ತಡೆದುಕೊಂಡ. ಅವರು ಬೆಚ್ಚಿಬಿದ್ದು ಹಗ್ಗ ಬಿಟ್ಟು ಹಿಡಿದರೆ ಆ ಪೆಟ್ಟಿಗೇ ಕೊಕ್ಕೆ ತುಂಡಾಗಬಹುದು. ಬುಟ್ಟಿಯನ್ನು ಇಳಿಸುವ ಹಾಗಿಲ್ಲ, ಕೆಳಗೆ ಮನುಷ್ಯ. ಹತ್ತಿರ ಹೋಗಿ, ನಿದ್ದೆಯ ಮಗುವಿನ ಬಳಿ ಮಾತಾಡುವಂತೆ ಹೇಳಿದ: "ಎಳೆಯಿರಿ, ನಿಲ್ಲಿಸಬೇಡಿ. ಮೆಲ್ಲ, ಜಗ್ಗದೆ ಎಳೆಯಿರಿ." ಆಮೇಲೆ ಬಾವಿಗೆ ಬಗ್ಗಿ, "ಬಟ್ಯಾ, ಗೋಡೆಗೆ ಅಂಟಿ ನಿಲ್ಲು. ನಾನು ಹೇಳುವವರೆಗೆ ಅಲ್ಲಾಡಬೇಡ."

"ಎಂತದಾ ನಿನ್ನ ಗಲಾಟೆ?"

"ಅಂಟಿ ನಿಲ್ಲು ಮಾರಾಯ!"

ಬುಟ್ಟಿ ಮೊಳ ಮೊಳವಾಗಿ ಏರಿತು. ಲೋಕಯ್ಯನ ಕಣ್ಣು ಕೊಕ್ಕೆಯ ಮೇಲಿತ್ತು. ಹೊಳೆಯುವ, ಗಟ್ಟಿಮುಟ್ಟಾದ ಕೊಕ್ಕೆ. ನೋಡಿದರೆ ಯಾವ ದೋಷವೂ ಕಾಣದು. ಬುಟ್ಟಿ ಕಟ್ಟೆ ಮುಟ್ಟಿದ್ದೇ ಅವನು ಅದನ್ನು ಎರಡೂ ಕೈಯಲ್ಲಿ ತಬ್ಬಿ ಹೊರಗೆಳೆದ. ಇನ್ನೊಂದು ಹಗ್ಗವನ್ನು ಹಲಸಿನ ಮರಕ್ಕೆ ಕಟ್ಟಿ ಇಳಿಬಿಟ್ಟರು. ಅದನ್ನು ಸೊಂಟಕ್ಕೆ ಬಿಗಿದುಕೊಂಡು ಬಟ್ಯ ಬಾವಿಗೋಡೆಯ ಕೆಂಪು ಮುರಕಲ್ಲಿನಲ್ಲಿ ಕಡಿದ ಗುಳಿಗಳಲ್ಲಿ ಕಾಲಿಟ್ಟು ಮೇಲೆ ಬಂದ. ಮೈಯೆಲ್ಲ ಕೆಸರು, ಮುಖದಲ್ಲಿ ಸಿಟ್ಟು.

"ಎರಡು ದಿನದಿಂದ ಎಳೀತಾ ಇದ್ದೇವೆ, ಎಂತದೂ ಆಗಲಿಲ್ಲ. ಸುಮ್ಮನೆ ಭಟ್ರ ಕೆಲಸ ನಿಲ್ಲಿಸಿದೆ ನೀನು."

ಲೋಕಯ್ಯ ಕೊಕ್ಕೆ ಬಿಚ್ಚಿ ಕಲ್ಲಿನ ಮೇಲಿಟ್ಟು, ಅಲ್ಲಿದ್ದ ಬಾವಿ ಕೆಲಸದ ಸುತ್ತಿಗೆಯಿಂದ ಹೊಡೆದ. ಠಣ್ ಎಂದಿತು, ಏನೂ ಆಗಲಿಲ್ಲ. ಹಗ್ಗದವರಲ್ಲೊಬ್ಬ ನಕ್ಕ. ಎರಡನೆಯ ಪೆಟ್ಟಿಗೆ ಬೆಸುಗೆಯ ಪಕ್ಕದಲ್ಲೇ ಮುರಿದು ಬಿತ್ತು. ಒಂದಿಷ್ಟೂ ಬಾಗಿರಲಿಲ್ಲ. ಮುರಿದ ಜಾಗ ಸಕ್ಕರೆಯ ಹರಳಿನಂತೆ ಹೊಳೆಯುತ್ತಿತ್ತು.

ಬಟ್ಯ ಆ ತುಂಡನ್ನೂ ಬಾವಿಯನ್ನೂ ನೋಡಿದ. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತ. ಭಟ್ಟರ ಮನೆಯಿಂದ ತಂದ ಮಜ್ಜಿಗೆಯ ಲೋಟವನ್ನು ಕುಡಿಯದೆ ಪಕ್ಕಕ್ಕಿಟ್ಟ.

"ತಪ್ಪು ನನ್ನದು," ಎಂದ ಲೋಕಯ್ಯ.

ಮರುದಿನದಿಂದ ಲೋಕಯ್ಯ ಶೆಡ್ಡಿನಲ್ಲಿ ಸಿಕ್ಕಿದ್ದು ಕಮ್ಮಿ. ಸ್ಪ್ರಿಂಗಿನ ತುಂಡಿನಿಂದ ಇದುವರೆಗೆ ಎಲ್ಲೆಲ್ಲಿ ಎಂತೆಂತ ಮಾಡಿಕೊಟ್ಟಿದ್ದೇನೆಂದು ನೆನಪು ಕೆದಕಿ ಕೆದಕಿ ಹೊರಟ. ಉಪ್ಪಳದ ಗಲ್ಫಿನವರ ಮನೆಯ ಉಯ್ಯಾಲೆ ಕೊಂಡಿ, ಒಂದು ಜೀಪಿನ ಹಿಂದಿನ ಕೊಕ್ಕೆ, ಹೀಗೆ ನೆನಪಾದದ್ದನ್ನೆಲ್ಲ ಕೊಯ್ದು ತೆಗೆದ. "ಊಟ ಮಾಡಿಯಾದರೂ ಹೋಗಿ," ಎಂದು ಹೆಂಡತಿ ಅಪ್ಪಿ ಗೋಗರೆದರೆ, "ಇನ್ನೊಂದು ನೆನಪಾಯ್ತು," ಎಂದು ಅಂಗಿ ಹಾಕುತ್ತಿದ್ದ. ಟೀಚರ ಹತ್ತಿರ ಎರಡು ಸಲ ಹೋಗಿ, ಕಿಟಕಿ ಸರಳಿಗೆ ನಿಜಕ್ಕೂ ಭಯವಿಲ್ಲವೇ ಎಂದು ಕೇಳಿ ಬಂದ. ಭಯವಿಲ್ಲ ಎಂದರೂ ಮನಸ್ಸು ಕೇಳಲಿಲ್ಲ.

ವಿಷು ಹಬ್ಬ ಕಳೆದ ಮರುವಾರ ಬಟ್ಯ ಶೆಡ್ಡಿಗೆ ಬಂದು ಸಾದಾ ಕಬ್ಬಿಣದ ದಪ್ಪ ಸರಳೊಂದನ್ನು ನೆಲಕ್ಕೆ ಹಾಕಿದ. "ಬೆಸುಗೆ ಬೇಡ. ಇದನ್ನೇ ಬಗ್ಗಿಸಿ ಕೊಡು."

"ನನ್ನ ಹತ್ತಿರವೇ ಯಾಕೆ ಬಂದೆ?"

"ಮಾಡಿದ್ದನ್ನು ತಾನೇ ಮುರಿದು ತೋರಿಸಿದವನು ನೀನೊಬ್ಬನೇ ಅಲ್ವಾ," ಎಂದ ಬಟ್ಯ.

ಲೋಕಯ್ಯ ಒಂದೇ ಸರಳನ್ನು ಕಾಯಿಸಿ, ಬಳೆ ಮತ್ತು ಕೊಕ್ಕೆ ಎರಡನ್ನೂ ಅದರಲ್ಲೇ ತಿರುವಿದ. ತಾನಾಗಿ ತಣಿದ ಮೇಲೆ ಶೆಡ್ಡಿನ ತೊಲೆಗೆ ತೂಗಿಸಿ ಹೊಳೆಯಿಂದ ತಂದ ನಾಲ್ಕು ಮೂಟೆ ಹೊಯಿಗೆ ನೇತುಹಾಕಿದ. ಸಾಲದೆಂದು ತಾನೂ ಮೂಟೆಗಳ ಮೇಲೆ ಹತ್ತಿ ಕುಪ್ಪಳಿಸಿದ.

"ಸಾಕು ಮಾರಾಯ, ಇಳಿ. ಈಗ ನಿನ್ನ ತೊಲೆ ಮುರೀತದೆ," ಎಂದು ಬಟ್ಯ ನಕ್ಕ.

ಮಧ್ಯಾಹ್ನ ಬಟ್ಯ ಹೊಸ ಬಾವಿಯೊಂದಕ್ಕೆ ಇಳಿಯುವಾಗ ಲೋಕಯ್ಯ ಕರೆಯದೆಯೇ ಅಲ್ಲಿಗೆ ಬಂದಿದ್ದ. ಮೊದಲ ಬುಟ್ಟಿ ಮೇಲೆ ಬಂತು, ಎರಡನೆಯದೂ ಬಂತು. ಹನ್ನೆರಡನೆಯದು ಬರುವವರೆಗೆ ನಿಂತಿದ್ದು, ಸ್ಕೂಟರ್ ಹತ್ತಿದ.