ಬಾಣಂತಿಗೆ ಗಾಳಿ ತಾಗಬಾರದೆಂದು

ಮೆಲ್ಬರ್ನ್‌ನ ಆ ಮನೆಯಲ್ಲಿ ಒಂದು ಜುಲೈ ಮಧ್ಯಾಹ್ನ ನನ್ನ ಅಕ್ಕ, ಅವಳ ಹಸುಗೂಸು, ಅವ್ವ, ನಾನು, ನಾಲ್ವರೂ ಸತ್ತುಹೋಗಬಹುದಿತ್ತು. ಸಾಯಲಿಲ್ಲ. ಉಳಿದದ್ದು ನನ್ನಿಂದ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಅದು ನಿಜವೋ ಅಲ್ಲವೋ ನನಗೆ ಮಾತ್ರ ಇವತ್ತಿಗೂ ತಿಳಿದಿಲ್ಲ. ನಡೆದದ್ದನ್ನು ಮೊದಲಿನಿಂದ ಬರೆದುಕೊಂಡು ಹೋದರೆ ತಿಳಿಯಬಹುದೇನೋ ಎಂದು ಹಲವು ಸಲ ಕೂತಿದ್ದೇನೆ. ಪ್ರತಿಸಲವೂ ಬರವಣಿಗೆ ಒಂದೇ ಜಾಗಕ್ಕೆ ಬಂದು ನಿಂತುಬಿಡುತ್ತದೆ.

ಆಗ ನಾನು ಸಿಡ್ನಿಯಲ್ಲಿದ್ದೆ. ಓದು ಮುಗಿದು ಪಿಆರ್, ಅಂದರೆ ಅಲ್ಲೇ ನೆಲೆಸುವ ಪರವಾನಗಿ, ಸಿಕ್ಕ ಹೊಸತು. ಪೆಂಡಲ್ ಹಿಲ್ ಸ್ಟೇಷನ್ನಿಗೆ ಹತ್ತಿರ ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆ ಮನೆ. ಜುಲೈ ಅಲ್ಲಿ ನಡುಚಳಿಗಾಲ, ಆದರೂ ಸಿಡ್ನಿಯ ಚಳಿ ಒಂದು ಸ್ವೆಟರಿನ ಚಳಿ. ಅಕ್ಕನ ಹೆರಿಗೆಯಾಯಿತೆಂದು ರಜೆ ಹಾಕಿ ಮೆಲ್ಬರ್ನಿಗೆ ಹೋದ ದಿನವೇ ನನ್ನ ಮೂಗು, ಕಿವಿ ಎಲ್ಲಿವೆ ಎಂದು ಮುಟ್ಟಿ ನೋಡಿಕೊಳ್ಳುವಂತಾಯಿತು. ಬಾಣಂತನಕ್ಕೆಂದು ಅವ್ವ ಗದಗಿನಿಂದ ಬಂದಾಗಿತ್ತು.

ಅಕ್ಕ ಮತ್ತು ಭಾವ ಬಾಕ್ಸ್ ಹಿಲ್ ಕಡೆ ಮರದ ಹಲಗೆಯ ಹಳೆಯ ಮನೆಯೊಂದನ್ನು ಆ ವರ್ಷ ಕೊಂಡಿದ್ದರು. ನೋಡಲು ಚೆಂದ. ಆದರೆ ನೆಲದ ಹಲಗೆಗಳ ಸಂದಿಯಿಂದ ತಣ್ಣನೆಯ ಗಾಳಿ ಪಾದಕ್ಕೆ ಚುಚ್ಚುತ್ತಿತ್ತು, ಕಿಟಕಿಗಳು ಗಾಳಿ ಬೀಸಿದಾಗಲೆಲ್ಲ ಗಡಗಡ ಅನ್ನುತ್ತಿದ್ದವು. ಪ್ರತಿ ಕೋಣೆಯ ಗೋಡೆಯಲ್ಲೂ ಚಾವಣಿಯ ಹತ್ತಿರ ಅಂಗೈಯಗಲದ ಒಂದು ಜಾಲರಿ ಇತ್ತು. ಅದು ಯಾಕಿದೆ ಎಂದು ನಮಗಾರಿಗೂ ಗೊತ್ತಿರಲಿಲ್ಲ. ಹಿಂದಿನ ಕಾಲದವರ ಡಿಸೈನ್ ಇರಬೇಕು ಅಂದಿದ್ದರು ಭಾವ.

ಅವ್ವನ ಕಣ್ಣು ಮೊದಲು ಬಿದ್ದದ್ದೇ ಅದರ ಮೇಲೆ.

"ಇದೇನ್ರಿ, ಬಾಣಂತಿ ಖೋಲ್ಯಾಗ ಗ್ವಾಡಿಗೆ ತೂತು? ಹಸಿ ಮೈಯಾಗ ಗಾಳಿ ಹೊಕ್ರ ಮುಪ್ಪಿನ ಕಾಲಕ್ಕ ಗೊತ್ತಾಗತೈತಿ."

ಭಾವ ಬೆಂಗಳೂರಿನವರು, ಡ್ಯಾಂಡಿನಾಂಗ್‌ನ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಅತ್ತೆಗೆ ಇಲ್ಲ ಅನ್ನುವವರಲ್ಲ, ಮೇಲಾಗಿ ಅವರಿಗೂ ಚಳಿ. ವೀಕೆಂಡು ಪೂರ್ತಿ ಹಾರ್ಡ್‌ವೇರ್ ಅಂಗಡಿಗೂ ಮನೆಗೂ ಓಡಾಡಿದರು. ಅಟ್ಟದ ಮೇಲೆ ಹತ್ತಿಯ ಹಾಸಿಗೆಯಂಥ ಇನ್ಸುಲೇಷನ್ ಹಾಸಿದರು. ಕಿಟಕಿಯ ಸಂದಿಗಳಿಗೆ ಫೋಮ್ ಪಟ್ಟಿ, ಬಾಗಿಲ ಕೆಳಗೆ ರಬ್ಬರು, ನೆಲದ ಸಂದಿಗಳಿಗೆ ಸಿಲಿಕೋನು. ಕೊನೆಗೆ ಆ ಜಾಲರಿಗಳಿಗೆಲ್ಲ ಅಗಲವಾದ ಟೇಪು.

"ಅತ್ತೆ, ಪೂರ್ತಿ ಸೀಲ್ ಮಾಡ್ಬಿಟ್ಟಿದೀನಿ. ಇನ್ಮೇಲೆ ಸೊಳ್ಳೆನೂ ಪರ್ಮಿಷನ್ ತಗೊಂಡೇ ಬರ್ಬೇಕು."

"ಸೊಳ್ಳಿ ಬಂದ್ರ ಬರ್ಲಿ ಬಿಡ್ರಿ, ಗಾಳಿ ಬರಬಾರ್ದು."

ಮನೆ ನಿಜವಾಗಿಯೂ ಬೆಚ್ಚಗಾಯಿತು. ಹಾಲ್‌ನ ಗೋಡೆಯಲ್ಲಿ ಹಳೆಯ ಗ್ಯಾಸ್ ಹೀಟರ್ ಒಂದಿತ್ತು, ಅದರಲ್ಲಿ ಉರಿದ ಅನಿಲ ಕೊಳವೆಯ ಮೂಲಕ ಮಾಡಿನ ಮೇಲೆ ಹೋಗುತ್ತಿತ್ತು. ಹಗಲಿಡೀ ಅದು ಉರಿಯುತ್ತಿತ್ತು. ಅಕ್ಕ ಕಿವಿಗೆ ಅರಳೆ ಇಟ್ಟುಕೊಂಡು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಅದರ ಮುಂದೆ ಹಾಕಿದ ಮಂಚದ ಮೇಲೆ ಇರುತ್ತಿದ್ದಳು. ಒಂದು ಸಲ ಅವ್ವ ಬಾರ್ಬೆಕ್ಯೂ ಇದ್ದಿಲು ಹೊತ್ತಿಸಿ ಲೋಬಾನ ಹಾಕಿ ಹೊಗೆ ಕೊಡಲು ಹೋದಾಗ ಸ್ಮೋಕ್ ಅಲಾರಂ ಕಿರುಚಿಕೊಂಡು ಕೂಸು ಬೆಚ್ಚಿಬಿದ್ದಿತು. ಭಾವ ಇದ್ದಿಲನ್ನು ಹಿತ್ತಲಿಗೆ ಎಸೆದರು. ಅವತ್ತಿನಿಂದ ನಮಗೆಲ್ಲ ಆ ಅಲಾರಮ್ಮಿನ ಮೇಲೆ ಒಂದು ಭಕ್ತಿ ಹುಟ್ಟಿತು. ಮನೆಯೊಳಗೆ ಕೆಟ್ಟದ್ದೇನಾದರೂ ಆದರೆ ಅದು ಕೂಗಿಯೇ ಕೂಗುತ್ತದೆ ಅಂದುಕೊಂಡೆವು.

ಬೆಚ್ಚಗಾದ ಮೇಲೆ ಮನೆ ಬೆವರತೊಡಗಿತು. ಬಾಣಂತಿಯ ನೀರೆಂದರೆ ಅವ್ವನಿಗೆ ಕುದಿಯುವ ನೀರು. ಆ ಹಬೆ, ಅಡುಗೆಯ ಹಬೆ, ಹೀಟರಿನ ಸುತ್ತ ಒಣಹಾಕಿದ ಕೂಸಿನ ಬಟ್ಟೆಗಳ ತೇವ ಎಲ್ಲ ಒಳಗೇ ಉಳಿದವು. ಬೆಳಿಗ್ಗೆ ಕಿಟಕಿಯ ಗಾಜಿನ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು. ಬೀರುವಿನ ಹಿಂದೆ ಗೋಡೆಗೆ ಕಪ್ಪು ಬೂಷ್ಟು ಹತ್ತಿತು. ಕೂಸಿನ ಎದೆಗೆ ಬೂಷ್ಟು ಒಳ್ಳೆಯದಲ್ಲವೆಂದು ಭಾವ ಹೊಸ ನಿಯಮ ಹೊರಡಿಸಿದರು. ಅಡುಗೆಮನೆಯ ಒಲೆಯ ಮೇಲೆ, ಒಗ್ಗರಣೆಯ ಘಾಟಿಗೆಂದು ಹಾಕಿಸಿದ್ದ ದೊಡ್ಡ ಎಕ್ಸಾಸ್ಟ್ ಫ್ಯಾನು ಹಗಲೆಲ್ಲ ಓಡಬೇಕು, ತೇವ ಹೊರಗೆ ಹೋಗಬೇಕು. ಒದ್ದೆ ಬಟ್ಟೆ ಹಾಲ್‌ನಲ್ಲಿ ಬೇಡ, ಹಿತ್ತಲಿನ ಶೆಡ್ಡಿನ ತಂತಿಗೆ ಹಾಕಬೇಕು.

ಎಲ್ಲವೂ ಸರಿಯಾದ ಮಾತೇ. ಇವತ್ತಿಗೂ ಒಂದೊಂದನ್ನೂ ಬಿಡಿಬಿಡಿಯಾಗಿ ತೆಗೆದು ನೋಡಿದರೆ ಯಾವುದೂ ತಪ್ಪೆನಿಸುವುದಿಲ್ಲ. ಅದೇ ನನಗೆ ಅರ್ಥವಾಗದ್ದು.

ಇನ್ನು ಬುಟ್ಟಿಗಳ ವಿಷಯ. ಹೆಸರಿಡುವ ತನಕ ಕೂಸನ್ನು ತೊಟ್ಟಿಲಿಗೆ ಹಾಕಬಾರದು, ಮೊರದಲ್ಲಿ ಮಲಗಿಸಬೇಕು ಎಂದಿದ್ದಳು ಅವ್ವ. ಮೊರ ಸಿಗಲಿಲ್ಲ. ಬಟ್ಟೆ ತುಂಬುವ ಬಿಳಿ ಪ್ಲಾಸ್ಟಿಕ್ ಬುಟ್ಟಿಗಳು ಮನೆಯಲ್ಲಿ ಎರಡಿದ್ದವು, ಒಂದೇ ಅಂಗಡಿಯಿಂದ ತಂದ ಜೋಡಿ. ಒಂದಕ್ಕೆ ಅವ್ವ ತನ್ನ ಹಳೆಯ ಸೀರೆ ಹಾಸಿ ಕೂಸನ್ನು ಮಲಗಿಸಿದಳು. ಇನ್ನೊಂದು ಒಗೆದ ಬಟ್ಟೆಗೆ. ಭಾವ ನಕ್ಕಿದ್ದರು, "ಅತ್ತೆ, ಸ್ವಲ್ಪ ನೋಡ್ಕೊಳ್ಳಿ, ಯಾರಾದ್ರೂ ವಾಷಿಂಗ್ ಮಷೀನಿಗೆ ಹಾಕ್ಬಿಟ್ಟಾರು." ಅವ್ವ ಅಳಿಯನೆಂಬುದನ್ನೂ ಮರೆತು ಬೈದಿದ್ದಳು.

ಆ ಮಧ್ಯಾಹ್ನ ಭಾವ ಕೆಲಸಕ್ಕೆ ಹೋಗಿದ್ದರು. ಮಳೆ ಹಿಡಿದಿತ್ತು. ಬೆಳಿಗ್ಗೆಯಿಂದ ಫ್ಯಾನು ಓಡುತ್ತಿತ್ತು, ಹೀಟರು ಉರಿಯುತ್ತಿತ್ತು. ನನಗೆ ತಲೆ ಸಿಡಿಯುತ್ತಿತ್ತು, ನಿದ್ದೆಗೆಟ್ಟದ್ದಕ್ಕೆ ಇರಬೇಕು ಅಂದುಕೊಂಡೆ. ಅವ್ವನಿಗೆ ವಾಕರಿಕೆ, ಪಿತ್ತ ಅಂದಳು. ಅಕ್ಕ ತೂಕಡಿಸುತ್ತಿದ್ದಳು, ಬಾಣಂತಿಯಲ್ಲವೇ. ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಕಾರಣ ಸಿದ್ಧವಿತ್ತು. ಅಲಾರಮ್ಮು ಸುಮ್ಮನಿತ್ತು.

ಇಲ್ಲಿಂದ ಮುಂದೆ ನನ್ನ ನೆನಪು ಹರಿದ ಬಟ್ಟೆಯಂತಿದೆ. ಎರಡು ಬುಟ್ಟಿಗಳು ಮಂಚದ ಪಕ್ಕ ನೆಲದ ಮೇಲಿದ್ದವು. ಒಂದರಲ್ಲಿ ಹಿಂಡಿದ ಬಿಳಿ ಬಟ್ಟೆ. ಇನ್ನೊಂದರಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸು. ನಾನು ಬಗ್ಗಿದೆ. ಬಗ್ಗಿದಾಗ ನೆಲ ನನ್ನತ್ತ ಎದ್ದು ಬಂದ ಹಾಗಾದದ್ದು ನೆನಪಿದೆ. ಆಮೇಲೆ ಹಿಂಬಾಗಿಲಿನ ರಬ್ಬರು ಕಿರುಗುಟ್ಟಿದ್ದು. ಆಮೇಲೆ ಶೆಡ್ಡಿನ ತಗಡಿನ ಮೇಲೆ ಮಳೆಯ ಸದ್ದು, ಮುಖಕ್ಕೆ ರಾಚಿದ ಚಳಿ. ತಂತಿಯ ಕ್ಲಿಪ್ಪೊಂದನ್ನು ಬಾಯಲ್ಲಿ ಕಚ್ಚಿಕೊಂಡಿದ್ದೆ. ಅಷ್ಟರಲ್ಲಿ ಕಾಲ ಬಳಿಯ ಬುಟ್ಟಿ ಸೀನಿತು.

ಬಗ್ಗಿ ನೋಡಿದರೆ ಕೂಸು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದೆ.

ಬಗ್ಗಿದಾಗಿನಿಂದ ಸೀನಿನ ತನಕ ನಡುವೆ ಏನು ಯೋಚಿಸಿದೆ ಎಂಬುದು ನನ್ನಲ್ಲಿ ಇಲ್ಲವೇ ಇಲ್ಲ.

ಒಳಗಿನಿಂದ ಅವ್ವನ ಕೂಗು ಬಂತು. "ಕೂಸು ಎಲ್ಲೈತಿ? ಏ ಹುಡುಗಿ, ಕೂಸು ಎಲ್ಲೈತೇ?" ಗೋಡೆ ಹಿಡಿದುಕೊಂಡು ಹಿಂಬಾಗಿಲಿಗೆ ಬಂದಳು. ಶೆಡ್ಡಿನಲ್ಲಿ ಬುಟ್ಟಿ ಕಂಡವಳೇ, "ಹುಚ್ಚಿ! ಮಳ್ಯಾಗ ಹಸಗೂಸಿನ್ನ ಹೊರಗ ತಂದೀ? ತಲಿ ಕೆಟ್ಟೈತೇನ ನಿಂದು?" ಎಂದು ಬೈಯುತ್ತ ನಾಲ್ಕು ಹೆಜ್ಜೆ ಇಟ್ಟು, ಅಂಗಳದಲ್ಲೇ ಕುಸಿದು ಕೂತು ವಾಂತಿ ಮಾಡಿದಳು.

ಏನೋ ಸರಿಯಿಲ್ಲ ಎಂದು ಆಗ ಅನ್ನಿಸಿತು. ಏನು ಎಂದು ಮಾತ್ರ ಹೊಳೆಯಲಿಲ್ಲ. ಅವ್ವನನ್ನು ಎಬ್ಬಿಸಿ ಶೆಡ್ಡಿಗೆ ತಂದು, ಕೂಸನ್ನು ಮಡಿಲಿಗೆ ಹಾಕಿ ಒಳಗೆ ಓಡಿದೆ. ಅಕ್ಕ ಮಂಚದ ಮೇಲೆ ಕೂತೇ ಇದ್ದಳು, ಕೆನ್ನೆ ಕೆಂಪಗೆ, ಆರೋಗ್ಯವಂತಳ ಹಾಗೆ. ಭುಜ ಹಿಡಿದು ಅಲುಗಾಡಿಸಿದೆ. ನನ್ನ ಗುರುತು ಹಿಡಿಯಲಿಲ್ಲ.

"ಹುಬ್ಬಳ್ಳಿ ಬಸ್ಸು ಹೋತೇನ್ರಿ?" ಎಂದು ಕೇಳಿದಳು.

ಅವಳನ್ನು ಎಳೆದುಕೊಂಡು ಬಂದದ್ದು ಹೇಗೆಂದು ತಿಳಿಯದು. ನನ್ನ ಕಾಲುಗಳೂ ನನ್ನವಾಗಿರಲಿಲ್ಲ. ಅಕ್ಕ ಬರಿಗಾಲಲ್ಲಿ, ಸ್ಕಾರ್ಫು ಜಾರಿ, ಮಳೆಯಲ್ಲಿ ನೆನೆಯುತ್ತ ಬಂದಳು. ಅಷ್ಟು ದಿನ ಕಾಪಾಡಿದ ಹಸಿ ಮೈ. ಅವ್ವ ಶೆಡ್ಡಿನಿಂದಲೇ ಅಳುತ್ತಿದ್ದಳು, "ಗಾಳಿ ಹೊಕ್ಕೊಂತ, ನನ್ನ ಮಗಳಿಗೆ ಗಾಳಿ ಹೊಕ್ಕೊಂತ."

ಜೇಬಿನಲ್ಲಿದ್ದ ಮೊಬೈಲಿನಿಂದ ಆಂಬುಲೆನ್ಸಿಗೆ ಫೋನು ಮಾಡಿದೆ. ಮೂವರಿಗೂ ತಲೆನೋವು, ವಾಂತಿ ಅಂದ ಕೂಡಲೇ ಆ ಕಡೆಯ ಹೆಂಗಸು ಕೇಳಿದಳು, ಮನೆಯಲ್ಲಿ ಗ್ಯಾಸ್ ಹೀಟರ್ ಇದೆಯೇ? ಹೌದೆಂದೆ. ಯಾರೂ ಮತ್ತೆ ಒಳಗೆ ಕಾಲಿಡಬೇಡಿ, ಅಂದಳು. ಅವಳ ದನಿಯಲ್ಲಿ ಗಾಬರಿಯಿರಲಿಲ್ಲ.

ಆಸ್ಪತ್ರೆಯಲ್ಲಿ ಎಲ್ಲರಿಗೂ ಆಮ್ಲಜನಕದ ಮುಖವಾಡ ಹಾಕಿದರು. ಕೂಸು ಚೆನ್ನಾಗಿದೆ ಎಂದರು. ಅಕ್ಕನಿಗೆ ಸಂಜೆಯ ಹೊತ್ತಿಗೆ ನಮ್ಮೆಲ್ಲರ ಗುರುತು ಸಿಕ್ಕಿತು. ಡ್ಯಾಂಡಿನಾಂಗ್‌ನಿಂದ ಓಡಿ ಬಂದ ಭಾವ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುತ್ತ, "ನಾನೇ ಟೇಪ್ ಹಾಕಿದ್ದು, ನಾನೇ ಹಾಕಿದ್ದು" ಅನ್ನುತ್ತಿದ್ದರು. "ಹಾಕಸಿದಾಕಿ ನಾ" ಅಂದಳು ಅವ್ವ, ಮುಖವಾಡದೊಳಗಿಂದ. ಫ್ಯಾನಿನ ಗುಂಡಿ ಒತ್ತಿದ್ದು ನಾನೆಂದು ನಾನೂ ಹೇಳಿದೆ.

ಆಮೇಲೆ ಗ್ಯಾಸಿನವರು ಬಂದು ಪರೀಕ್ಷೆ ಮಾಡಿ ಹೇಳಿದ್ದು ಇಷ್ಟು. ಫ್ಯಾನು ಮನೆಯ ಗಾಳಿಯನ್ನು ಹೊರಗೆ ತಳ್ಳುತ್ತದೆ, ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಬೇಕು. ಎಲ್ಲ ಸಂದಿಗಳೂ ಮುಚ್ಚಿದ್ದರಿಂದ ಅದಕ್ಕೆ ಉಳಿದದ್ದು ಹೀಟರಿನ ಕೊಳವೆ ಒಂದೇ. ಮೇಲೆ ಹೋಗಬೇಕಾದ ವಿಷದ ಗಾಳಿ, ಕಾರ್ಬನ್ ಮೊನಾಕ್ಸೈಡ್, ಅದರಲ್ಲಿ ಹಿಂದಕ್ಕೆ ಇಳಿದು ಕೋಣೆ ತುಂಬಿತು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಹೊಗೆಯಲ್ಲವಾದ್ದರಿಂದ ಅಲಾರಂ ಕೂಗಲಿಲ್ಲ. ಆ ಜಾಲರಿಗಳು ಇದ್ದದ್ದು ಹೊರಗಿನ ಗಾಳಿ ಒಳಗೆ ಬರಲೆಂದೇ ಅಂತೆ. ಭಾವ ಹೀಟರನ್ನು ತೆಗೆಸಿ, ಗೋಡೆಗಳ ಟೇಪು ಕಿತ್ತರು.

ಅಷ್ಟರಲ್ಲಿ ಕಥೆ ಗದಗ ಮುಟ್ಟಿತ್ತು. ಅವ್ವ ಫೋನಿನಲ್ಲಿ ಎಲ್ಲರಿಗೂ ಹೇಳುತ್ತಿದ್ದಳು: ಸಣ್ಣಾಕಿಗೆ ಗೊತ್ತಾತು ನೋಡವಾ, ಓದಿದಾಕಿ ಅಲ್ಲೇನ, ಕೂಸಿನ್ನ ಎತಗೊಂಡು ಹೊರಗ ಓಡಿದ್ಲು, ಅದರ ಬೆನ್ನ ಹತ್ತಿ ನಾವೂ ಹೊರಗ ಬಂದ್ವಿ. ಪ್ರತಿಸಲ ಹೇಳುವಾಗಲೂ ನಾನು ಇನ್ನಷ್ಟು ಜಾಣೆಯಾಗುತ್ತಿದ್ದೆ. ನಾನು ಓಡಿರಲಿಲ್ಲ, ಬಟ್ಟೆ ಒಣಹಾಕಲು ನಡೆದುಕೊಂಡು ಹೋಗಿದ್ದೆ, ಬಾಯಲ್ಲಿ ಕ್ಲಿಪ್ಪಿತ್ತು. ಆದರೆ ಒದ್ದೆ ಬಟ್ಟೆಗೂ ಕೂಸಿಗೂ ವ್ಯತ್ಯಾಸ ತಿಳಿಯದಷ್ಟು ಮಂಕಾಗಿದ್ದೆನೇ? ಅಥವಾ ಮೈಗೆ ಏನೋ ತಿಳಿದು, ತಲೆಗೆ ತಿಳಿಯುವ ಮೊದಲೇ ಕೈ ಆ ಬುಟ್ಟಿಯನ್ನು ಎತ್ತಿತೇ? ಇನ್ನೊಂದು ಬುಟ್ಟಿಯನ್ನು ಎತ್ತಿದ್ದರೆ? ಸಿಡ್ನಿಗೆ ಮರಳಿದ ಮೇಲೆ ಟ್ರೇನಿನಲ್ಲಿ ಕೂತಾಗ, ಆಫೀಸಿನಲ್ಲಿ, ಅಂಗಡಿಯ ಸಾಲಿನಲ್ಲಿ, ಮನಸ್ಸಿನೊಳಗೆ ನಾನು ಇನ್ನೊಂದು ಬುಟ್ಟಿಯನ್ನೇ ಎತ್ತುತ್ತಿದ್ದೆ. ಬಟ್ಟೆ ಹಾಕುತ್ತಿದ್ದೆ. ಹೊರಗೆ ಯಾರೂ ಬರುತ್ತಿರಲಿಲ್ಲ.

ಹೆಸರಿಡುವ ಶಾಸ್ತ್ರಕ್ಕೆ ಮತ್ತೆ ಮೆಲ್ಬರ್ನಿಗೆ ಹೋದಾಗ ತಡೆಯಲಾಗದೆ ಅಕ್ಕನಿಗೆ ಹೇಳಿಬಿಟ್ಟೆ. ಅವಳು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು.

"ನಾ ಬುಟ್ಟಿ ತಪ್ಪಿ ಒಯ್ದಿನೇನೋ ಅಕ್ಕಾ."

"ಇಲ್ಲ. ನಾ ನೋಡೀನಿ. ನೀ ಬಗ್ಗಿದಿ, ಅವನ ಟೊಪಗಿ ಸರಿ ಮಾಡಿದಿ, 'ನಡಿಯಪಾ ಹೊರಗ ಹೋಗೂಣು' ಅಂದಿ."

"ನಿಂಗ ಆಗ ನನ್ನ ಗುರುತಽ ಇರ್ಲಿಲ್ಲ. ಹುಬ್ಬಳ್ಳಿ ಬಸ್ಸು ಕೇಳಿದಿ."

"ಬಸ್ಸಿಂದು ನೆಪ್ಪಿಲ್ಲ. ಇದು ನೆಪ್ಪೈತಿ."

"ಅಕ್ಕಾ, ನಿನ್ನ ತಲೀನೂ ಸರಿ ಇರ್ಲಿಲ್ಲ."

"ನೀ ಏನರ ಅನ್ನು," ಅಂದಳು. ಕೂಸಿನ ಕಾಲು ನೀವುವುದನ್ನು ನಿಲ್ಲಿಸಿರಲಿಲ್ಲ. "ನಂಗ ಅದು ಬೇಕು. ಅದನ್ನ ಕಸಗೋಬ್ಯಾಡ."

ಅವಳು ನಿಜ ಹೇಳುತ್ತಿದ್ದಳೋ, ನನಗೋಸ್ಕರ ಕಟ್ಟಿದಳೋ, ಇಲ್ಲ ಆ ಗಾಳಿಯೇ ಅವಳಿಗೆ ಹಾಗೆ ತೋರಿಸಿತೋ, ಕೇಳಲಿಲ್ಲ. ಎಣ್ಣೆಯ ಕೈಯನ್ನು ಟವೆಲಿಗೆ ಒರೆಸಿಕೊಂಡು ಮಗನನ್ನು ಎತ್ತಿ ನನ್ನ ತೋಳಿಗೆ ಕೊಟ್ಟಳು. "ಸ್ವಲ್ಪ ಹಿಡಕೋ, ಝಳಕಾ ಮಾಡಿ ಬರ್ತೀನಿ" ಎಂದು ಒಳಗೆ ಹೋದಳು.

ಪಕ್ಕದಲ್ಲೇ ಹಾಸಿಗೆ ಹಾಸಿತ್ತು. ಸ್ವಲ್ಪ ಹೊತ್ತಿಗೆ ಕೂಸಿಗೆ ನಿದ್ದೆಯೂ ಹತ್ತಿತು. ಕೈ ಸೋತರೂ, ಅವಳು ಬರುವ ತನಕ ನಾನು ಅವನನ್ನು ಕೆಳಗೆ ಮಲಗಿಸಲಿಲ್ಲ.