ನನ್ನ ಮೌಸು, ಅಕ್ಕನ ಲ್ಯಾಪ್‌ಟಾಪು

ಆಗೆಲ್ಲ ನಮ್ಮ ಕಡೆ ಪ್ಲಸ್ ಟು ಓದುವ ಮಕ್ಕಳಿಗೆ ಸರ್ಕಾರದ ಲ್ಯಾಪ್‌ಟಾಪ್ ಸಿಗುತ್ತಿತ್ತು. ಅವಲಪಲ್ಲಿಯ ನಮ್ಮ ಬೀದಿಗೆ ಮೊದಲು ಬಂದದ್ದು ಪಕ್ಕದ ಮನೆಯ ದೊಡ್ಡಪ್ಪನ ಮಗಳು ಸುಜಾತಕ್ಕನದು. ನಾನಿನ್ನೂ ಏಳನೇ ಕ್ಲಾಸು. ನನ್ನನ್ನು ಇಷ್ಟು ತಡವಾಗಿ ಹೆತ್ತದ್ದಕ್ಕೆ ಅಮ್ಮನ ಮೇಲೆ ಮುನಿಸಿಕೊಂಡು ಒಂದು ಹೊತ್ತು ಊಟ ಬಿಟ್ಟಿದ್ದೆ.

ಅಕ್ಕ ಅದನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಅದರ ಹೊಸ ಬ್ಯಾಗಿನ ವಾಸನೆ ಮೂಗಿಗೆ ಬಡಿದರೇ ನನಗೆ ಹೊಟ್ಟೆ ಉರಿಯುತ್ತಿತ್ತು. ನನ್ನ ಹತ್ತಿರ ಇದ್ದದ್ದು ಒಂದು ಹಳೇ ಮೌಸು. ಮೂಕಂಡಪಲ್ಲಿಯ ಫ್ಯಾಕ್ಟರಿಯಲ್ಲಿ ಬೇಡವೆಂದು ಎತ್ತಿಟ್ಟಿದ್ದನ್ನು ಅಪ್ಪ ಕೇಳಿ ತಂದಿದ್ದ. ಕಂಪ್ಯೂಟರ್ ಇಲ್ಲದವಳು ಮೌಸಿನಿಂದ ಏನು ಮಾಡಿಯಾಳು? ವೈರು ಹಿಡಿದು ಜಗುಲಿಯ ಮೇಲೆ ಎಳೆದಾಡುತ್ತಿದ್ದೆ.

ಅಕ್ಕ ಕಾಲೇಜು ಸೇರಿದ ವರ್ಷ, ಅವರೆಕಾಯಿ ಕಾಲದ ಒಂದು ಭಾನುವಾರ. ಮಾರನೇ ದಿನದ ಕ್ಲಾಸಿಗೆ ಅವಳು ಲ್ಯಾಪ್‌ಟಾಪಿಗೆ ಲಿನಕ್ಸ್ ಎನ್ನುವ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡು ಹೋಗಲೇಬೇಕಿತ್ತು. ಗೆಳತಿ ಕೊಟ್ಟ ಪೆನ್‌ಡ್ರೈವ್ ಚುಚ್ಚಿದಳು. ಭಾಷೆ ಆರಿಸಿ ಎನ್ನುವ ಪರದೆಯೇನೋ ಬಂತು, ಬಾಣದ ಗುರುತು ಮಾತ್ರ ನಡುಮಧ್ಯೆ ನಿಂತುಬಿಟ್ಟಿತು. ಟಚ್‌ಪ್ಯಾಡ್ ಉಜ್ಜಿದಳು, ಕೀಬೋರ್ಡ್ ಕುಟ್ಟಿದಳು, ಆಫ್ ಮಾಡಿ ಮತ್ತೆ ಹಾಕಿದಳು. ಊಹೂಂ. ಕಿಟಕಿಯಿಂದ ನೋಡುತ್ತಿದ್ದ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

"ಉಷಾ, ನಿನ್ ಮೌಸ್ ತಗೊಂಬಾರೇ," ಅಂದಳು ಅಕ್ಕ.

"ಕೊಡಾಕಿಲ್ಲ ಹೋಗು. ಬೇಕಾದ್ರೆ ನಾನೇ ಒತ್ತೀನಿ."

"ನಿಂಗೇನೇ ಗೊತ್ತು?"

"ನೀನ್ ಹೇಳು, ನಾನ್ ಒತ್ತೀನಿ."

ಅಕ್ಕ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಸಿಕ್ಕಿಸಿದ ಕೂಡಲೇ ಮೌಸಿನ ಅಡಿಯಲ್ಲಿ ಕೆಂಪು ದೀಪ ಹತ್ತಿತು. ಅದಕ್ಕೊಂದು ದೀಪ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ನನ್ನ ಮೌಸಿಗೆ ಜೀವ ಬರಲಿಕ್ಕೂ ಇವಳ ಲ್ಯಾಪ್‌ಟಾಪೇ ಬೇಕಾಯಿತಲ್ಲ ಎಂದು ಅದಕ್ಕೂ ಉರಿದುಕೊಂಡೆ. ಬಾಣ ಓಡಾಡಿತು. ಅಕ್ಕ ಹೇಳಿದಲ್ಲೆಲ್ಲ ಒತ್ತಿದೆ. ಹೆಸರು ಬರೆಯುವ ಜಾಗ ಬಂದಾಗ, ಮೌಸಿನಿಂದಲೇ ಒತ್ತಿ ಒತ್ತಿ ಬರೆಯಲು ಪರದೆಯ ಮೇಲೇ ಒಂದು ಕೀಬೋರ್ಡಿನ ಚಿತ್ರ ತೆರೆಸಿದಳು.

"ಸುಜಾತಾ, ಅವರೆಕಾಳು ಹಿತುಕಾಕೆ ಬತ್ತೀಯೋ ಇಲ್ವೋ?" ಒಳಗಿಂದ ದೊಡ್ಡಮ್ಮ ಕೂಗಿದಳು.

"ನನ್ ಹೆಸ್ರು ಹಾಕಿರು, ಬಂದೆ," ಎಂದು ಅಕ್ಕ ಎದ್ದು ಹೋದಳು.

ಹಾಕಿದೆ, ನನ್ನ ಹೆಸರನ್ನು. ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ. ಪಾಸ್‌ವರ್ಡಿಗೂ ಅದೇ. ಅವಳು ಬರುವಷ್ಟರಲ್ಲಿ ಮುಂದಕ್ಕೂ ಒತ್ತಿಬಿಟ್ಟೆ.

ಎಲ್ಲ ಮುಗಿದು ಮತ್ತೆ ಆನ್ ಆದಾಗ ಕೀಬೋರ್ಡು, ಟಚ್‌ಪ್ಯಾಡು ಎರಡೂ ಸರಿಹೋಗಿದ್ದವು. ಪರದೆಯ ಮೇಲೆ ನನ್ನ ಹೆಸರು. ಏಟು ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡೆ. ಅವರೆಕಾಯಿಯ ಸೊಗಡು ಹತ್ತಿದ ಕೈಯಲ್ಲಿ ಅಕ್ಕ ನನ್ನ ಕೆನ್ನೆ ಹಿಂಡಿ, "ಇರ್ಲಿ ಬುಡೇ, ನೀನೇ ತಾನೆ ಹಾಕಿದ್ದು," ಎಂದು ನಕ್ಕಳು. ಕಾಲೇಜು ಮುಗಿಯುವವರೆಗೂ ಅವಳು ಅದನ್ನು ನನ್ನ ಹೆಸರಲ್ಲೇ ತೆರೆಯುತ್ತಿದ್ದಳು.

ಈಗ ನನಗೂ ಒಂದು ಲ್ಯಾಪ್‌ಟಾಪ್ ಇದೆ, ಅವಳದಕ್ಕಿಂತ ಎಷ್ಟೋ ಚೆನ್ನಾಗಿರುವುದು. ಮದುವೆಯಾಗಿ ಕೃಷ್ಣಗಿರಿ ಸೇರಿರುವ ಅಕ್ಕ ಮೊನ್ನೆ ಬಂದಾಗ, ಒಂಚೂರು ಉರಿದುಕೊಳ್ಳಲಿ ಎಂದೇ ಹಜಾರದಲ್ಲಿ ತೆರೆದಿಟ್ಟಿದ್ದೆ. "ಚೆನ್ನಾಗೈತೆ ಕಣೇ," ಎಂದು ಅದನ್ನು ಬದಿಗೆ ಸರಿಸಿ ಕಾಫಿ ಲೋಟಕ್ಕೆ ಜಾಗ ಮಾಡಿಕೊಂಡಳು. ನನ್ನಿಂದ ಅವಳಿಗೆ, ಅವಳಿಂದ ನನಗೆ ಈಗ ಆಗಬೇಕಾದ್ದು ಏನೂ ಇಲ್ಲ. ಒಂದೇ ಪರದೆಯ ಮುಂದೆ ಭುಜಕ್ಕೆ ಭುಜ ತಾಗಿಸಿ ಕೂರುವ ಕಾರಣವೂ ಉಳಿದಿಲ್ಲ. ಹೊಟ್ಟೆಕಿಚ್ಚು ಪಡಲು ಬಾರದ ಅವಳ ಆ ಗುಣವೊಂದಿದೆಯಲ್ಲ, ಅದನ್ನು ಕಂಡರೆ ಮಾತ್ರ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.