ಮಹದೇವಸ್ವಾಮಿಯ ಪಟ್ಟದಾನೆ ನಿಂತ ಕತೆ

ಹಿನಕಲ್ ದಾಟಿ ರಿಂಗ್ ರಸ್ತೆಯ ಎಡಬದಿಯಲ್ಲಿ, ಮಟಮಟ ಮಧ್ಯಾಹ್ನ, ಬೋಗಾದಿಗೆ ಇಟ್ಟಿಗೆ ಹೊತ್ತು ಹೊರಟಿದ್ದ ಪಟ್ಟದಾನೆ ನಿಂತಿತು. ಮೊದಲು ಕೆಮ್ಮಿತು, ಆಮೇಲೆ ಮುಗ್ಗರಿಸಿತು, ಕೊನೆಗೆ ಎದೆಗೆ ಬಾಣ ನಾಟಿದ ಮಹಾರಥಿಯ ಹಾಗೆ ಒಮ್ಮೆ ಮೈ ನಡುಗಿಸಿ ತಣ್ಣಗಾಯಿತು.

ಪಟ್ಟದಾನೆ ಎಂದರೆ ಸೊಂಡಿಲಿನ ಪ್ರಾಣಿಯಲ್ಲ, ಆರು ಚಕ್ರದ ಹಳೇ ಲಾರಿ. ಅದರ ಹಣೆಯ ಮೇಲೆ ಹಳದಿ ಬಣ್ಣದಲ್ಲಿ ಆ ಹೆಸರು ಬರೆಸಿದವನು ಅದರ ಒಡೆಯ, ಡ್ರೈವರ್, ಕ್ಲೀನರ್ ಮತ್ತು ಭೂಮಂಡಲದಲ್ಲಿ ಉಳಿದಿದ್ದ ಏಕೈಕ ಅಭಿಮಾನಿ ಮಹದೇವಸ್ವಾಮಿ. ಅವನು ಸ್ಟೀರಿಂಗಿಗೆ ಹಣೆ ಹಚ್ಚಿ ಕೂತ. ಪಕ್ಕದ ಸೀಟಿನಲ್ಲಿ ಹೆಂಡತಿ ಬಸವಮ್ಮ ಬುತ್ತಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಅವಳು ಊಟ ಕೊಡಲು ಬಂದವಳಲ್ಲ, ಸಾಕ್ಷಿಗೆ ಬಂದವಳು.

"ನಿಂತೋಯ್ತು" ಅಂದಳು.

"ನಿಂತಿಲ್ಲ ಕಣೇ, ವಸಿ ಸುಧಾರಿಸ್ಕೋತಾ ಅದೆ."

"ದಿನಾ ಸುಧಾರಿಸ್ಕೋತಾನೇ ಅದೆ. ಮಾದಪ್ಪನ ಮೇಲೆ ಆಣೆ ಇಟ್ಟಿದ್ದೀರಿ, ಗ್ಯಾಪಕ ಇರ್ಲಿ."

ಗ್ಯಾಪಕ ಇಲ್ಲದೆ ಏನು! ಸೋಮವಾರ ಮಾದಪ್ಪನ ಪಟದ ಮುಂದೆ, ದೀಪ ಉರಿಯುತ್ತಿರುವಾಗ, ಅವನೇ ಬಾಯಾರೆ ಹೇಳಿದ್ದ: "ಈ ಲಾರಿ ತನ್ನ ತಪ್ಪಿಂದ ಇನ್ನೊಂದ್ಸಲ ದಾರೀಲಿ ನಿಂತ್ರೆ ಅವತ್ತೇ ಗುಜರಿಗೆ." 'ತನ್ನ ತಪ್ಪಿಂದ' ಎಂಬ ಮಾತು ಸೇರಿಸಿದ್ದಕ್ಕೂ ಕಾರಣವಿತ್ತು. ಸಿಗ್ನಲ್ಲಿನಲ್ಲಿ ನಿಂತರೂ ಹೆಂಡತಿ ಲೆಕ್ಕಕ್ಕೆ ಹಿಡಿದಾಳು ಎಂಬ ಭಯ. ಮಾದಪ್ಪನ ಆಣೆ ತಪ್ಪಿದವರು ಅವರ ವಂಶದಲ್ಲೇ ಇರಲಿಲ್ಲ.

ನರಸೀಪುರದ ಕಡೆಯ ಹಳ್ಳಿಯಿಂದ ಮೈಸೂರಿಗೆ ಬಂದವನು ಮೊದಮೊದಲು ಕಂಡವರ ಲಾರಿಯ ಗಾಜು ಒರೆಸಿದ. ಕೊನೆಗೆ, ಅವರಿವರು ಸವೆಸಿ ಬಿಟ್ಟ ಈ ಲಾರಿಯನ್ನು ಕೊಂಡು, ಅಂಬಾರಿ ಹೊರುವ ಆನೆಯನ್ನೇ ಕೊಂಡವನ ಹಾಗೆ ಊರೆಲ್ಲ ತಿರುಗಿಸಿದ. ಬೋಗಾದಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲಿಗೆ ಇಟ್ಟಿಗೆ ಹೊತ್ತ. ಈಗ ಅಲ್ಲಿನ ಯಾವ ಲೇಔಟಿಗೆ ಹೋದರೂ ಎರಡಂತಸ್ತಿನ ಮನೆಗಳತ್ತ ಕೈ ತೋರಿಸಿ, "ಅದು ನಮ್ದು, ಆ ಮೂಲೇದೂ ನಮ್ದೇ" ಎನ್ನುತ್ತಾನೆ. ಮನೆ ಕಟ್ಟಿಸಿದವರು ಒಪ್ಪುವುದಿಲ್ಲ, ಅದು ಬೇರೆ ಮಾತು. ಲಾರಿ ಹೋದರೆ ಅವನಿಗಾಗಿ ಬಸವಮ್ಮನ ತಮ್ಮ ಒಂದು ಕೆಲಸ ನೋಡಿಟ್ಟಿದ್ದ: ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತು ಕಾರುಗಳಿಗೆ ಸೀಟಿ ಊದುವುದು. ಅದನ್ನು ನೆನೆದಾಗಲೆಲ್ಲ ಮಹದೇವಸ್ವಾಮಿ ಎದ್ದು ಹೋಗಿ ಲಾರಿಯ ಗಾಜು ಒರೆಸುತ್ತಿದ್ದ.

ರೋಗ ಶುರುವಾದದ್ದು ಆಯುಧಪೂಜೆ ಕಳೆದ ಮೇಲೆ. ಬೆಳಿಗ್ಗೆ ಕೀಲಿ ತಿರುಗಿಸಿ ಒಂದೇ ಸಲ ಸೆಲ್ಫ್ ಹೊಡೆದರೆ ಗುಡುಗಿ ಏಳುತ್ತಿದ್ದ ಇಂಜಿನ್ನು ಅರ್ಧ ದಾರಿಗೆ ಸೊರಗಿ ಆರಿಹೋಗುತ್ತಿತ್ತು. ಸೆಲ್ಫ್ ಹೊಡೆದರೆ ಕುರ್ರ್ ಕುರ್ರ್ ಅನ್ನುವುದೇ ಹೊರತು ಹತ್ತುತ್ತಿರಲಿಲ್ಲ. ಒಂದಷ್ಟು ಹೊತ್ತು ಸುಮ್ಮನೆ ಬಿಟ್ಟರೆ ಏನೂ ಆಗದಂತೆ ಮತ್ತೆ ಏಳುತ್ತಿತ್ತು. ಮೇಟಗಳ್ಳಿಯ ಮೆಕ್ಯಾನಿಕ್ ಲಕ್ಷ್ಮೀನರಸಿಂಹ ರಾಜವೈದ್ಯನ ಗಾಂಭೀರ್ಯದಿಂದ ನಾಡಿ ಹಿಡಿದು, "ಏರ್ ಹಿಡ್ದದೆ, ಡೀಸೆಲ್ ಪೈಪಲ್ಲಿ ಗಾಳಿ ಸೇರ್ಕೊಂಡದೆ" ಅಂದ. ಡೀಸೆಲ್ ಫಿಲ್ಟರ್ ಬದಲಾಯಿತು, ಪೈಪು ಬದಲಾಯಿತು, ಪಂಪು ಬದಲಾಯಿತು. ಬದಲಾಯಿಸಲು ಏನೂ ಉಳಿಯದಿದ್ದಾಗ ಅವನು ಕೈ ಒರೆಸಿಕೊಳ್ಳುತ್ತಾ, "ಅಣ್ಣಾ, ಇದಕ್ಕೆ ವಯಸ್ಸಾಯ್ತು. ನಿಮಗೂ ಆಯ್ತು" ಎಂದುಬಿಟ್ಟ. ಆ ಎರಡನೆಯ ವಾಕ್ಯವನ್ನು ಮಹದೇವಸ್ವಾಮಿ ಇನ್ನೂ ಕ್ಷಮಿಸಿರಲಿಲ್ಲ.

ಈಗ ಅವನು ಬಾನೆಟ್ ಎತ್ತಿ ಯುದ್ಧಕ್ಕಿಳಿದ. ಫಿಲ್ಟರಿನ ಮೇಲಿನ ಬೋಲ್ಟು ಸಡಿಲಿಸಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಕೈಪಂಪು ಒತ್ತಿದ. ಡೀಸೆಲ್ ಉಕ್ಕಬೇಕಾದಲ್ಲಿ ಒಂದು ಹನಿ ಇಣುಕಿ, ಇವನ ಮುಖ ನೋಡಿ ಒಳಗೆ ಹೋಯಿತು. ಒತ್ತಿ ಒತ್ತಿ ಹೆಬ್ಬೆರಳು ಬಾತಿತು. ಬೆವರು ಕಣ್ಣಿಗಿಳಿಯಿತು. ಹಿಂದಿನಿಂದ ಬಸವಮ್ಮ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ವಿಜಯ್‌ಕುಮಾರಪ್ಪಾ, ಹಿನಕಲ್ ಆಚೆ ಕಣಪ್ಪಾ. ಹೂಂ, ಅದೇ ಲಾರಿ. ಕ್ರೇನು ತಗೊಂಡೇ ಬಾ."

ವಿಜಯ್‌ಕುಮಾರ್ ರಾಜೀವನಗರದ ಗುಜರಿಯವನು. ಕರೆದ ಕೂಡಲೇ ಬರುತ್ತಾನೆಂದು ಹೆಸರಾದವನು, ಯಮನ ಹಾಗೆ.

"ಅಷ್ಟು ಅವಸರವೇನೇ ನಿಂಗೆ?" ಮಹದೇವಸ್ವಾಮಿಯ ದನಿ ಒಡೆಯಿತು. "ನಿನ್ನ ಹೆರಿಗೆಗೆ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಇದೇ ಕಣೇ."

"ಗೊತ್ತು. ಇಟ್ಟಿಗೆ ಮೇಲೆ ಕೂರಿಸ್ಕೊಂಡು."

ಅವನು ಮುಂದಿನ ಚಕ್ರಕ್ಕೆ ಒರಗಿ ಕುಕ್ಕರಿಸಿದ. ಮಾದಪ್ಪನಿಗೆ ಕರ್ಪೂರ ಹಚ್ಚೋಣ ಅನ್ನಿಸಿತು. ಡೀಸೆಲ್ ಮೆತ್ತಿದ ಕೈ ನೋಡಿಕೊಂಡು ಆ ಭಕ್ತಿಯನ್ನು ಹಿಂದಕ್ಕೆ ತೆಗೆದುಕೊಂಡ. ಬಿಸಿ ಲೋಹದ ವಾಸನೆ ಮೂಗಿಗೆ ಬಂತು. ಈ ವಾಸನೆ ಇಲ್ಲದ ನಾಳೆ ಹೇಗಿರುತ್ತದೆಂದು ಯೋಚಿಸಿದ. ಸೀಟಿ ಊದುವ ಶಬ್ದ ಬಿಟ್ಟು ಬೇರೇನೂ ಹೊಳೆಯಲಿಲ್ಲ. ಕಣ್ಣು ತುಂಬಿದ್ದನ್ನು ಬೆವರಿನ ಲೆಕ್ಕಕ್ಕೆ ಸೇರಿಸಿ ಒರೆಸಿಕೊಂಡ.

ಬಸವಮ್ಮನಿಗೆ ಅಯ್ಯೋ ಅನ್ನಿಸಿರಬೇಕು. ಇಳಿದು ಬಂದಳು.

"ಡೀಸೆಲ್ ಅದಾ ನೋಡಿದ್ರಾ?"

ಮೂವತ್ತು ವರ್ಷ ಲಾರಿ ಓಡಿಸಿದವನಿಗೆ ಕೇಳುವ ಪ್ರಶ್ನೆಯೇ ಇದು? "ಬೆಳಗ್ಗೆ ತುಂಬಿಸಿದ್ದೀನಿ! ನೋಡು ಬಾ, ಕಣ್ಣಾರೆ ನೋಡು!" ಎಂದು ದಾಪುಗಾಲು ಹಾಕಿ, ಟ್ಯಾಂಕಿನ ಮುಚ್ಚಳ ಹಿಡಿದು ತಿರುಗಿಸಿದ. ಮುಚ್ಚಳ ಬರಲಿಲ್ಲ. ಹಲ್ಲು ಕಚ್ಚಿ ತಿರುಗಿಸಿದ.

ಹುಸ್ಸ್ಸ್!

ಟ್ಯಾಂಕು ಉಸಿರೆಳೆದುಕೊಂಡಿತು. ನೀರಲ್ಲಿ ಮುಳುಗಿದವನು ಮೇಲೆದ್ದು ಗಾಳಿ ಎಳೆದುಕೊಳ್ಳುವ ಹಾಗೆ, ಉದ್ದಕ್ಕೆ.

ಮಹದೇವಸ್ವಾಮಿ ಮುಚ್ಚಳ ಹಿಡಿದು ಕಲ್ಲಾದ. ಬಂಕಿನಲ್ಲಿ ಎಷ್ಟೋ ಸಲ ಈ ಮುಚ್ಚಳ ತೆಗೆದಿದ್ದ. ಆ ಗದ್ದಲದಲ್ಲಿ ಈ ಶಬ್ದ ಕಿವಿಗೆ ಬಿದ್ದಿರಲಿಲ್ಲ. ಅವನು ಮುಂದಕ್ಕೆ ಓಡಿ ಕೈಪಂಪು ಒತ್ತಿದ. ಡೀಸೆಲ್ ಗುಳುಗುಳು ಉಕ್ಕಿತು. ಬೋಲ್ಟು ಬಿಗಿದು, ಹತ್ತಿ, ಸೆಲ್ಫ್ ಹೊಡೆದ. ಪಟ್ಟದಾನೆ ಘೀಳಿಟ್ಟಿತು.

"ಒಳಕ್ಕೆ ಗಾಳಿ ಹೋಗ್ತಿರ್ಲಿಲ್ಲ ಕಣೇ!" ಕೆಳಗೆ ಹಾರಿ ಕೂಗಿದ. "ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರ್ತದೆ..."

"ಎಣ್ಣೆ ಡಬ್ಬಕ್ಕೆ ಎರಡನೇ ತೂತು ಹೊಡೀದೆ ಹೋದ್ರೆ ಎಣ್ಣೆ ನಿಂತೋಗಲ್ವಾ, ಹಂಗಾ?"

"ಹಂಗೇ! ನಿಲ್ಲಿಸಿದ ಮೇಲೆ ಸಂದಿಯಿಂದ ಒಂದಿಷ್ಟು ಗಾಳಿ ನುಸೀತಿತ್ತು, ಮತ್ತೆ ಏಳ್ತಿತ್ತು. ಆ ತೂತು ಯಾವನು ಮುಚ್ಚಿದನೋ..."

ಮುಚ್ಚಳದ ಮೇಲಿನ ಧೂಳು ಒರೆಸಿ ನೋಡಿದ. ನಡುವೆ, ತೂತು ಇರಬೇಕಾದ ಕಡೆಯೇ, ಒಂದು ರೂಪಾಯಿ ಅಗಲಕ್ಕೆ ಹಳದಿ ಹೊಪ್ಪಳೆ. ಅದರ ಮೇಲೆ ಮಾಸಿದ ಕುಂಕುಮ.

ಇಬ್ಬರೂ ಅದನ್ನೇ ನೋಡಿದರು. ಆಯುಧಪೂಜೆಯ ದಿನ ಚಕ್ರಕ್ಕೆ ನಿಂಬೆಹಣ್ಣು, ಗಾಜಿಗೆ ವಿಭೂತಿ, ಬಾನೆಟ್ಟಿಗೆ ಬಾಳೆಕಂದು, ಎಲ್ಲ ಆದ ಮೇಲೆ ಬಸವಮ್ಮ, "ಉಣ್ಣೋ ಬಾಯಿಗೆ ಬೊಟ್ಟಿಡೋದ್ನೇ ಮರೆತ್ರಲ್ಲಾ" ಎಂದು ಟ್ಯಾಂಕಿನತ್ತ ಹೋಗಿದ್ದಳು. ಪ್ರತಿವರ್ಷ ಮೊದಲ ಮಳೆಗೇ ತೊಳೆದುಹೋಗುತ್ತದೆಂದು ಈ ಸಲ ಅರಿಶಿನಕ್ಕೆ ಮೈದಾ ಗೋಂದು ಕಲಸಿ ಇಟ್ಟಿದ್ದಳು. ಗೋಂದು ಒಣಗಿ ಕಲ್ಲಾಗಿತ್ತು.

ಬಸವಮ್ಮ ಮಾತಾಡಲಿಲ್ಲ. ಅವಳು ಮಾತಾಡದೆ ಇದ್ದದ್ದನ್ನು ಮಹದೇವಸ್ವಾಮಿ ಮದುವೆಯಾದಾಗಿನಿಂದ ಕಂಡಿರಲಿಲ್ಲ. ಆನಂದದಿಂದ ಅವನ ಮೀಸೆ ಅದುರಿತು. ಅವಳು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ, ಮುಚ್ಚಳ ಕಿತ್ತುಕೊಂಡು, ಬೊಟ್ಟಿಗೆ ಚುಚ್ಚಿ ಚುಚ್ಚಿ ತೂತು ಬಿಡಿಸಿ, ಬಾಯಿಟ್ಟು ಊದಿ ನೋಡಿ, ತಾನೇ ಟ್ಯಾಂಕಿಗೆ ತಿರುಗಿಸಿದಳು.

"ಆಣೆ?" ಅಂದ ಮಹದೇವಸ್ವಾಮಿ ಮೆಲ್ಲಗೆ.

"ತನ್ನ ತಪ್ಪಿಂದ ನಿಂತ್ರೆ ಅಂತ ಅಲ್ವಾ ಹೇಳಿದ್ದು?" ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಅದರ ತಪ್ಪೇನಿದೆ, ಪಾಪ."

"ಮತ್ಯಾರ ತಪ್ಪು?"

"ಆ ಲಕ್ಷ್ಮೀನರಸಿಂಹನ ಕಿವಿಗೆ ಇದು ಬಿದ್ರೆ ಮನೇಲಿ ಸೊಪ್ಪಿನ ಸಾರು ಬಿಟ್ಟು ಬೇರೆ ಕಾಣಲ್ಲ ನೀವು, ಹೇಳ್ಬುಟ್ಟಿದ್ದೀನಿ."

ಅಷ್ಟರಲ್ಲಿ ಕ್ರೇನು ಬಂತು. ವಿಜಯ್‌ಕುಮಾರ್ ಕೊಕ್ಕೆ ತೂಗಾಡಿಸುತ್ತಾ ಇಳಿದವನು ಗುಡುಗುಡು ಎನ್ನುತ್ತಿದ್ದ ಲಾರಿ ಕಂಡು ತಬ್ಬಿಬ್ಬಾದ. "ಏನಕ್ಕಾ, ನಿಂತೋಗದೆ ಅಂದ್ರಿ?"

"ಯಾಕಪ್ಪಾ, ಊಟಕ್ಕೆ ನಿಂತ್ರೂ ಕ್ರೇನು ತಗೊಂಡು ಬರ್ತೀಯಾ?" ಬಸವಮ್ಮ ಬುತ್ತಿಯ ಡಬ್ಬಿ ಎತ್ತಿ ತೋರಿಸಿದಳು. "ಬಂದಿದ್ದೀಯ, ಒಂದು ಮುದ್ದೆ ಉಂಡು ಹೋಗು."

ಮೂವರೂ ಲಾರಿಯ ನೆರಳಲ್ಲಿ ಕೂತು ಉಂಡರು. ಇಂಜಿನ್ನನ್ನು ಮಾತ್ರ ಮಹದೇವಸ್ವಾಮಿ ಆರಿಸಲಿಲ್ಲ. ಊಟ ಮುಗಿದರೂ ಅದು ಓಡುತ್ತಲೇ ಇತ್ತು, ಬೋಗಾದಿ ಮುಟ್ಟುವವರೆಗೂ ಓಡಿತು.